ಆಂಪ್ ಇಲ್ಲದೆ ಬೇಸ್ ರೆಕಾರ್ಡಿಂಗ್: ನನ್ನ ಅನುಭವ

"ಆಂಪ್ ಇಡದೆ ಬೇಸ್‌ಗೆ ಮೈ ಬರೋದಿಲ್ಲ" ಎಂದವರೇ ಈಗ ಟ್ರ್ಯಾಕ್ ಕೇಳಿ ಯಾವ ಆಂಪು ಎಂದು ವಿಚಾರಿಸುತ್ತಾರೆ. ಬೇಸ್ ಗಿಟಾರಿನ ದನಿ ಏರಿಸುವ ಸ್ಪೀಕರ್ ಪೆಟ್ಟಿಗೆ, ಅಂದರೆ ಆಂಪೂ ಇಲ್ಲ, ಅದರ ಮುಂದೆ ಮೈಕೂ ಇಲ್ಲ. ಫ್ಲ್ಯಾಟ್‌ವೌಂಡ್ (ಚಪ್ಪಟೆ ಸರಿಗೆ ಸುತ್ತಿದ, ನುಣುಪಾದ) ತಂತಿ ಹಾಕಿದ ಫೆಂಡರ್ ಪ್ರಿಸಿಷನ್ ಮಾದರಿಯ ಬೇಸು, ತಂತಿ ಕೊನೆಯಾಗುವ ಬ್ರಿಡ್ಜ್ ಪಕ್ಕ ಒಂದು ತುಂಡು ಸ್ಪಂಜು, ಒಂದು ಡಿಐ (ಬೇಸಿನ ಸಿಗ್ನಲನ್ನು ನೇರ ರೆಕಾರ್ಡಿಂಗಿಗೆ ಕಳಿಸುವ ಪೆಟ್ಟಿಗೆ), ಅಷ್ಟೇ. ಭಾವಗೀತೆ, ಜನಪದ ಗೀತೆ, ಒಟ್ಟಿನಲ್ಲಿ ತಬಲಾ ಇರುವ ಕಡೆ ಇದಕ್ಕಿಂತ ಚೆನ್ನಾಗಿ ಕೂರುವ ಬೇಸ್ ಸೌಂಡ್ ನಾನು ಕೇಳಿಲ್ಲ.

ಆಂಪ್ ಕೈಕೊಡುವುದು ಕೋಣೆಯಿಂದ. ನಮ್ಮ ಸ್ಟುಡಿಯೋಗಳು ಬಹುಪಾಲು ಹತ್ತು ಹನ್ನೆರಡು ಅಡಿಯ ಮನೆಕೋಣೆಗಳು. ಹತ್ತು ಅಡಿ ಅಂತರದ ಗೋಡೆಗಳ ನಡುವೆ 56 ಹರ್ಟ್ಜ್ ಹತ್ತಿರ ದನಿ ಉಬ್ಬುತ್ತದೆ. ಬೆರಳೊತ್ತದ ಖಾಲಿ ಎ ತಂತಿಯ ಸ್ವರ 55. ಎ ಬಂದಾಗಲೆಲ್ಲ ಗುಂಯ್ ಎನ್ನುತ್ತದೆ, ಎರಡು ಫ್ರೆಟ್ ಮೇಲೆ ಹೋದರೆ ಸ್ವರ ಸೊರಗುತ್ತದೆ. ಗೋಡೆಗೆ ಎರಡಿಂಚಿನ ಫೋಮ್ ಅಂಟಿಸಲು ಇಪ್ಪತ್ತು ಸಾವಿರದಷ್ಟು ಹೋಯಿತು. ಗಾಯಕರ ದನಿಗೆ ಅದು ಒಳ್ಳೆಯದೇ, ಆದರೆ 55 ಹರ್ಟ್ಜಿನ ಅಲೆಯ ಉದ್ದ ಆರು ಮೀಟರಿಗೂ ಹೆಚ್ಚು, ಎರಡಿಂಚು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆಂಪ್ ಬಾಡಿಗೆ ಬೇರೆ, ದಿನಕ್ಕೆ ಎರಡು ಸಾವಿರದ ಮೇಲೆ. ಮೈಕಿನ ಜೊತೆ ಡಿಐ ಬೆರೆಸಿದರೆ ಇನ್ನೊಂದು ತಲೆನೋವು: ಮೈಕ್ ಒಂದು ಅಡಿ ದೂರ ಇದ್ದರೂ ದನಿ ಸುಮಾರು 0.9 ಮಿಲಿಸೆಕೆಂಡ್ ತಡ. 48 ಕಿಲೋಹರ್ಟ್ಜಿನಲ್ಲಿ ಮೈಕ್ ಟ್ರ್ಯಾಕನ್ನು ನಲವತ್ತು ಚಿಲ್ಲರೆ ಸ್ಯಾಂಪಲ್ ಹಿಂದಕ್ಕೆ ಎಳೆದು ಡಿಐಗೆ ಸರಿಹೊಂದಿಸದಿದ್ದರೆ 550 ಹರ್ಟ್ಜ್ ಸುತ್ತ ಟೊಳ್ಳು.

1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸಿದ್ದೂ ಹೀಗೆಯೇ: ಪ್ರಿಸಿಷನ್, ಫ್ಲ್ಯಾಟ್‌ವೌಂಡ್, ಬ್ರಿಡ್ಜ್ ಮುಚ್ಚಳದಡಿ ಫೋಮ್, ಆಂಪ್ ಬಿಟ್ಟು ನೇರ ಮಿಕ್ಸಿಂಗ್ ಕನ್ಸೋಲಿಗೆ.

ಸ್ಪಂಜಿನ ವಿಷಯದಲ್ಲಿ ಅವಸರ ಬೇಡ. ಸೋಫಾ ರಿಪೇರಿ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಚೂರುಗಳು ಸಿಗುತ್ತವೆ, ಬೆರಳಲ್ಲಿ ಒತ್ತಿ ಬಿಟ್ಟರೆ ತಟ್ಟನೆ ಎದ್ದು ನಿಲ್ಲುವಂಥದ್ದನ್ನು ಆರಿಸಿ. ಏಳೆಂಟು ಸೆಂಟಿಮೀಟರ್ ಉದ್ದ, ಒಂದೂವರೆ ಅಗಲ. ಎತ್ತರ ನಿಮ್ಮ ಬ್ರಿಡ್ಜ್ ಹೇಳಿದ ಹಾಗೆ: ಸ್ಪಂಜು ತಂತಿಯನ್ನು ಮುಟ್ಟಬೇಕು, ಮೇಲಕ್ಕೆ ನೂಕಬಾರದು. ನೂಕಿದರೆ ಶ್ರುತಿ ಮೇಲೇರುತ್ತದೆ, ಸ್ವರ ಹೋಗಿ ಬರೀ ಧಪ್ ಧಪ್ ಉಳಿಯುತ್ತದೆ. ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್‌ಗೆ ಒತ್ತಿ ಇಡಿ. ಅಲ್ಲಿಂದ ಒಂದು ಸೆಂಟಿಮೀಟರ್ ಮುಂದೆ ಬಂದರೂ ಸ್ವರ ತೀರಾ ಬೇಗ ಸಾಯುತ್ತದೆ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯ ಕೆಳಗೆ ಬ್ಲೇಡಿನಿಂದ ಒಂದೆರಡು ಮಿಲಿಮೀಟರ್ ಕೆತ್ತಿ ತಗ್ಗಿಸಿ, ಇಲ್ಲದಿದ್ದರೆ ಅದೊಂದೇ ಮಂಕಾಗುತ್ತದೆ. ಸ್ಪಂಜಿನಡಿಯಲ್ಲಿ ನಾನು ಇನ್ನೊಂದು ತೆಳು ಪದರ ಇಡುತ್ತೇನೆ. ಅದೇನೆಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ತಬಲಾ ಜೊತೆ ಇದು ಗೆಲ್ಲುವುದು ಸ್ವರ ಬೇಗ ಆರುವುದರಿಂದ. ಡಗ್ಗಾದ (ತಬಲಾ ಜೋಡಿಯ ದೊಡ್ಡದರ) ಗುಮ್ಕಿ, ಅಂದರೆ ಅಂಗೈ ಒತ್ತಿ ಜಾರಿಸುವ ದನಿ, ಸುಮಾರು 80ರಿಂದ 110 ಹರ್ಟ್ಜ್ ನಡುವೆ ಜಾರುತ್ತಿರುತ್ತದೆ. ಉದ್ದ ಎಳೆದ ಬೇಸ್ ಸ್ವರ ಅದರ ಮೇಲೆ ಕೂತರೆ ಎರಡೂ ಕೆಡುತ್ತವೆ, ಆಮೇಲೆ ಎಷ್ಟು ಈಕ್ಯೂ (ಈಕ್ವಲೈಸರ್) ತಿರುಗಿಸಿದರೂ ಬಿಡಿಸಲಾಗದು. ಕಪ್ಪು ಒಂದರ (ಸಿ ಶಾರ್ಪ್ ಶ್ರುತಿಯ) ಹಾಡಾದರೆ ಷಡ್ಜವನ್ನು ಎ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ ಹಿಡಿಯಬೇಡಿ, ಇ ತಂತಿಯ ಒಂಬತ್ತರಲ್ಲಿ ಹಿಡಿಯಿರಿ. ಅದೇ 69 ಹರ್ಟ್ಜ್, ಆದರೆ ದನಿ ದುಂಡಗೆ, ಇನ್ನೂ ಗಿಡ್ಡ. ಪಂಚಮವನ್ನು ಅದೇ ತಂತಿಯ ನಾಲ್ಕಕ್ಕೆ ಇಳಿಸಿದರೆ 52, ಡಗ್ಗಾದ ಹಾದಿಗೆ ಅಡ್ಡ ಬರುವುದಿಲ್ಲ.

ಕೈ ಹಗುರ ಇರಲಿ, ಗೇನ್ ಬೇಕಾದರೆ ಏರಿಸಿ. ಜೋರಾಗಿ ಮೀಟಿದರೆ ಸ್ವರದ ಮೊದಲ ತುಣುಕು ಶ್ರುತಿಗಿಂತ ಮೇಲೆ ಹೋಗಿ ಆಮೇಲೆ ಇಳಿಯುತ್ತದೆ. ತಂಬೂರಿ ಶ್ರುತಿ ಹಿಂದೆ ಇರುವಾಗ ಅದು ಕಿವಿಗೆ ಚುಚ್ಚುತ್ತದೆ. ಪೀಕ್ ಮೈನಸ್ 10 ಡಿಬಿ ದಾಟಬೇಕಿಲ್ಲ.

ಹಮ್ (ಕರೆಂಟಿನ 50 ಹರ್ಟ್ಜ್ ಗುಂಯ್ ದನಿ) ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಡಿಮ್ಮರ್ ಆರಿಸಿ, ಡಿಐಯ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಎರಡು ಪಿಕಪ್‌ಗಳ ಜಾಝ್ ಬೇಸ್ ಇದ್ದವರು ಎರಡೂ ವಾಲ್ಯೂಮ್ ಪೂರ್ತಿ ಇಟ್ಟರೆ ಹಮ್ ಅಡಗುತ್ತದೆ. ಈಕ್ಯೂನಲ್ಲಿ 50 ಕತ್ತರಿಸಲು ಹೋದರೆ ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಕೂಡ ಹೋಗುತ್ತದೆ, ಅದು 49.

ಮಿಕ್ಸಿನಲ್ಲಿ ಕೆಲಸ ಕಡಿಮೆ. 35ರ ಕೆಳಗೆ ಕಟ್, 250ರಲ್ಲಿ ಎರಡು ಡಿಬಿ ಇಳಿಕೆ, 800ರಲ್ಲಿ ಅಷ್ಟೇ ಏರಿಕೆ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ 4:1, ಅಟ್ಯಾಕ್ 30 ಮಿಲಿಸೆಕೆಂಡ್ ಆಸುಪಾಸು, ಅದರ ಮೀಟರಿನ ಮುಳ್ಳು ನಾಲ್ಕೈದು ಡಿಬಿ ಅಲ್ಲಾಡಿದರೆ ಸಾಕು. ಮೊಬೈಲ್ ಸ್ಪೀಕರಿನಲ್ಲಿ ಖಾಲಿ ಇ ತಂತಿಯ 41 ಹರ್ಟ್ಜ್ ಹುಟ್ಟುವುದೇ ಇಲ್ಲ. ಮೇಲಿನ ಹಾರ್ಮೋನಿಕ್ ಕೇಳಿಸಿದರೆ ಉಳಿದದ್ದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಹಾಗಾಗಿ ಟ್ರ್ಯಾಕ್ ನಕಲು ಮಾಡಿ, 300ರ ಕೆಳಗಿನದ್ದು ತೆಗೆದು, ಡಿಸ್ಟಾರ್ಷನ್ ಕೊಟ್ಟು, ಮೂಲಕ್ಕಿಂತ ಹದಿನೈದು ಡಿಬಿ ಕೆಳಗೆ ಬೆರೆಸಿ. ಒಂಟಿಯಾಗಿ ಕೇಳಿದರೆ ಕರ್ಕಶ, ಹಾಡಿನೊಳಗೆ ಅದೇ ಬೇಸಿನ ಮುಖ.

ಹಳೆಯ ರೌಂಡ್‌ವೌಂಡ್ (ದುಂಡು ಸರಿಗೆ ಸುತ್ತಿದ) ತಂತಿಯನ್ನು ಹತ್ತು ನಿಮಿಷ ಕುದಿಸಿ ಒರೆಸಿ ಹಾಕಿದ್ದೂ ಉಂಟು. ಹೊಳಪು ಬರುತ್ತದೆ, ಒಂದು ವಾರದೊಳಗೆ ಹೋಗುತ್ತದೆ, ಎರಡನೇ ಸಲಕ್ಕೆ ಬಾಳುವುದಿಲ್ಲ. ಫ್ಲ್ಯಾಟ್‌ವೌಂಡ್ ಸೆಟ್ಟಿಗೆ ನಾಲ್ಕು ಸಾವಿರದ ಹತ್ತಿರ, ಡಿಐಗೆ ಎರಡೂವರೆ. ಆದರೆ ಆ ತಂತಿ ವರ್ಷಗಟ್ಟಲೆ ಬರುತ್ತದೆ, ಹಳತಾದಷ್ಟೂ ಚೆನ್ನ. ಸ್ಪಂಜು ಮಾತ್ರ ಕೆಲವು ತಿಂಗಳಿಗೆ ಪುಡಿಯಾಗುತ್ತದೆ, ಪಿಕಪ್ ಮೇಲೆ ಉದುರುವ ಮೊದಲು ಬದಲಿಸಿ.

ಹೆಬ್ಬೆರಳಲ್ಲಿ ತಂತಿ ಬಡಿದು ಸ್ಲ್ಯಾಪ್ ನುಡಿಸುವವರಿಗೆ ಈ ವಿಧಾನ ಬೇಡ. ಅದಕ್ಕೆ ಹೊಸ ರೌಂಡ್‌ವೌಂಡೇ ಆಗಬೇಕು, ಸ್ಪಂಜನ್ನು ತೆಗೆದಿಡಬೇಕು.