ಟೋಕಿಯೋಗೆ ಬರ್ತಿದೀರಾ? ನಿಶಿ ಕಸಾಯಿ ಬಗ್ಗೆ ಒಂದಿಷ್ಟು ತಿಳ್ಕೊಳ್ಳಿ

ಕಂಪನಿಯವರು ಟೋಕಿಯೋ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಮನೆ ಎಲ್ಲಿ ಮಾಡೋದು ಅಂತ. ನಾನಂತೂ ಫ್ಯಾಮಿಲಿ ಕರ್ಕೊಂಡು ಬರೋರಿಗೆ ಮೊದಲ ವರ್ಷ ನಿಶಿ ಕಸಾಯಿನೇ ಹೇಳೋದು. ಎದೊಗಾವಾ ವಾರ್ಡ್‌ನಲ್ಲಿದೆ, ತೋಝಾಯಿ ಮೆಟ್ರೋ ಲೈನ್. 2000ದ ಆಸುಪಾಸಲ್ಲಿ ವೈಟುಕೆ (ಕಂಪ್ಯೂಟರ್‌ಗಳಲ್ಲಿ 2000ನೇ ಇಸವಿಯ ತಾರೀಖಿನ ತೊಂದರೆ ಸರಿಮಾಡೋ) ಕೆಲಸಕ್ಕೆ ಬಂದ ನಮ್ಮ ಐಟಿ ಜನ ಇಲ್ಲೇ ಯಾಕೆ ಸೇರ್ಕೊಂಡ್ರು ಅಂದ್ರೆ, ಕಯಾಬಾಚೋ, ಓತೆಮಾಚಿ ಕಡೆಯ ಬ್ಯಾಂಕ್ ಆಫೀಸುಗಳಿಗೆ ಒಂದೇ ಟ್ರೇನು, ಬದಲಾಯಿಸೋ ರಗಳೆ ಇಲ್ಲ. ಆದ್ರೆ ರ‍್ಯಾಪಿಡ್ ಟ್ರೇನ್ ಇಲ್ಲಿ ನಿಲ್ಲಲ್ಲ, ಲೋಕಲ್ಲೇ ಹತ್ತಬೇಕು, ಬೆಳಿಗ್ಗೆ ಭಾರೀ ರಶ್ಶು.

ಮನೆಗೆ ಮೊದಲು ಯುಆರ್, ಅಂದ್ರೆ ಅರೆ-ಸರ್ಕಾರಿ ಸಂಸ್ಥೆಯ ಬಾಡಿಗೆ ಮನೆಗಳನ್ನ ನೋಡಿ. ಖಾಸಗಿ ಮನೆಗಳಲ್ಲಿ ರೇಕಿನ್ ಅಂತ ಮಾಲೀಕರಿಗೆ ಕೊಡೋ ದುಡ್ಡು ವಾಪಸ್ ಬರಲ್ಲ, ಜೊತೆಗೆ ಗ್ಯಾರಂಟರ್ ಕೇಳ್ತಾರೆ, ಹೊರದೇಶದವರು ಅಂದ್ರೆ ಬೇಡ ಅನ್ನೋರೂ ಇದಾರೆ. ಯುಆರ್‌ನಲ್ಲಿ ರೇಕಿನ್ ಇಲ್ಲ, ಗ್ಯಾರಂಟರ್ ಬೇಡ, ಏಜೆಂಟ್ ಕಮಿಷನ್ ಇಲ್ಲ, ರಿನ್ಯೂವಲ್ ಫೀಸೂ ಇಲ್ಲ, ಸಂಬಳದ ಕಾಗದ ಮತ್ತೆ ಎರಡು ತಿಂಗಳ ಡೆಪಾಸಿಟ್ ರೆಡಿ ಇಟ್ಕೊಂಡ್ರೆ ಆಯ್ತು. ಮನೆ ಸೇರಿದ 14 ದಿನದೊಳಗೆ ವಾರ್ಡ್ ಆಫೀಸಲ್ಲಿ ವಿಳಾಸ ಬರೆಸಿ, ಇದನ್ನ ಮಾತ್ರ ಮುಂದಕ್ಕೆ ಹಾಕ್ಬೇಡಿ.

ಈಗ ಯಾರೂ ಹೇಳದ ವಿಷಯ. ಪಶ್ಚಿಮಕ್ಕೆ ಅರಾಕಾವಾ ನದಿ, ದಕ್ಷಿಣಕ್ಕೆ ಸಮುದ್ರ, ವಾರ್ಡ್‌ನ ಸುಮಾರು 70% ನೆಲ ಸಮುದ್ರದ ಉಬ್ಬರದ ನೀರಿನ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡ್‌ನವರು ಮನೆ ಮನೆಗೆ ಹಂಚಿದ ಪ್ರವಾಹದ ನಕ್ಷೆಯ ಮುಖಪುಟದಲ್ಲೇ, ದೊಡ್ಡ ಪ್ರವಾಹ ಬರೋ ಹಾಗಿದ್ರೆ ಇಲ್ಲಿ ಉಳ್ಕೋಬೇಡಿ ಅಂತ ನೇರವಾಗಿ ಬರೆದಿದ್ರು. ಹೆದರಿಸೋಕಲ್ಲ ಹೇಳ್ತಿರೋದು, ಚಿಕ್ಕ ಮಕ್ಕಳನ್ನ ಕಟ್ಕೊಂಡು ಬರೋರು ಗ್ರೌಂಡ್ ಫ್ಲೋರ್ ಅಗ್ಗ ಅಂತ ತಗೊಳ್ಳೋದು ನಂಗೆ ಸರಿ ಕಾಣಲ್ಲ, ಮೂರನೇ ಮಹಡಿ ಮೇಲೆ ನೋಡಿ. ಆ ನಕ್ಷೆಲಿ ಸೇಶಿನ್‌ಚೋ, ರಿಂಕೈಚೋದ ಕೆಲವು ಭಾಗಗಳು ಮುಳುಗಲ್ಲ ಅಂತ ತೋರಿಸಿದಾರೆ, ಅಲ್ಲಿಗೆ ಹೋಗೋ ದಾರಿನ ಬಿಡುವಿದ್ದಾಗ ಒಂದ್ಸಲ ನಡೆದೇ ನೋಡ್ಕೊಳ್ಳಿ. ಟೈಫೂನ್ ಬರುತ್ತೆ ಅಂತ ಗೊತ್ತಾದ್ರೆ ಹಿಂದಿನ ದಿನವೇ ಹೊರಡಬೇಕು, ಗಾಳಿ ಮಳೆ ಜೋರಾದ್ಮೇಲೆ ಟ್ರೇನೂ ಇಲ್ಲದೆ ಹೋಗಬಹುದು.

ಅಡುಗೆಗೆ ಚಿಂತೆ ಇಲ್ಲ. ಸ್ಟೇಷನ್ ಹತ್ರದ ನಮ್ಮವರ ಅಂಗಡಿಗಳಲ್ಲಿ ತೊಗರಿಬೇಳೆ, ರವೆ, ಸೋನಾ ಮಸೂರಿ, ಹುಣಸೆಹಣ್ಣು ಸಿಗುತ್ತೆ. ಬ್ಯಾಡಗಿ ಮೆಣಸಿನಕಾಯಿ, ಸಾರಿನ ಪುಡಿ ಮಾತ್ರ ಊರಿಂದ್ಲೇ ತನ್ನಿ.

ಮಕ್ಕಳಿಗೆ ಗ್ಯೋಸೆನ್ ಪಾರ್ಕ್ ಇದೆ, ಒಳಗೆ ಪುಟ್ಟ ಝೂ, ಟಿಕೆಟ್ ಇಲ್ಲ, ಸೋಮವಾರ ರಜಾ. ಅಲ್ಲಿಗೆ ಬರೋ ಜಪಾನಿ ಅಮ್ಮಂದಿರ ಜೊತೆ ಎರಡು ಮಾತಾಡಿ ದಯವಿಟ್ಟು, ಬರೀ ನಮ್ಮವರ ವಾಟ್ಸಾಪ್ ಗ್ರೂಪಲ್ಲೇ ಇದ್ರೆ ಎಷ್ಟು ವರ್ಷ ಇದ್ರೂ ಭಾಷೆ ಬರಲ್ಲ, ಕಸ ಯಾವ ದಿನ ಯಾವುದು ಇಡ್ಬೇಕು ಅನ್ನೋದನ್ನೂ ಪಕ್ಕದ ಮನೆಯವರೇ ಚೆನ್ನಾಗಿ ಹೇಳ್ಕೊಡೋದು.

ಇನ್ನೊಂದು, ಜೋರು ಗಾಳಿ ಇದ್ರೆ ಅರಾಕಾವಾ ಸೇತುವೆ ದಾಟೋ ತೋಝಾಯಿ ಟ್ರೇನ್ ಓಡಿಸೋದನ್ನ ನಿಲ್ಲಿಸ್ತಾರೆ, 1978ರಲ್ಲಿ ಸುಂಟರಗಾಳಿಗೆ ಅಲ್ಲೇ ಬೋಗಿಗಳು ಉರುಳಿದ್ವು. ಅಂಥ ದಿನ ಫುನಾಬೋರಿಗೆ ಬಸ್ ಹಿಡಿದು ಶಿಂಜುಕು ಲೈನ್‌ನಲ್ಲಿ ಹೋಗಿ.