ಏಜೆಂಟಿಲ್ಲದೆ ಜರ್ಮನಿಗೆ ಹೋಗಿ ವಿಳಾಸ ನೋಂದಾಯಿಸಿದ ನನ್ನ ಅನುಭವ

ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಲ್ಲಿ ಕೆಲಸ ಮಾಡುವ ಹುಡುಗರಿಗೆ ಈಗ ಜರ್ಮನಿ ಹುಚ್ಚು ಹಿಡಿದಿದೆ. ನಾನು ರಜೆಗೆ ಸಾಗರಕ್ಕೆ ಬಂದರೆ ಸಾಕು, ಯಾರಾದರೂ ಫೋನ್ ಮಾಡಿ "ಅಣ್ಣಾ, ನಿಂದು ಹೇಗಾಯ್ತು?" ಅಂತ ಶುರು ಮಾಡುತ್ತಾರೆ. ಹೊರಡುವ ಮೊದಲು ನನ್ನ ಪ್ಲಾನ್ ಹೇಳಿದಾಗ ಕ್ಯಾಂಟೀನಿನಲ್ಲಿ ನಕ್ಕವರೂ ಇವರೇ. ಇರಲಿ. ಒಂದು ಸಲ ಬರೆದಿಟ್ಟರೆ ಎಲ್ಲರಿಗೂ ಆಗುತ್ತದೆ.

ಬ್ಲೂ ಕಾರ್ಡ್ (ಡಿಗ್ರಿ ಇದ್ದವರಿಗೆ ಅಲ್ಲಿ ಕೆಲಸ ಮಾಡಿಕೊಂಡು ಇರಲು ಕೊಡುವ ಪರವಾನಗಿ), ವೀಸಾ, ಅನಾಬಿನ್ (ನಮ್ಮ ಡಿಗ್ರಿ ಅಲ್ಲಿ ನಡೆಯುತ್ತದಾ ಅಂತ ನೋಡುವ ಜಾಲತಾಣ) ಇವೆಲ್ಲ ನಿಮಗೆ ಗೊತ್ತಿರುವುದೇ. ನನ್ನದು ವಿ.ಟಿ.ಯು. ಬಿ.ಇ., ಮೆಕ್ಯಾನಿಕಲ್. 2024ರಲ್ಲಿ ಬ್ಲೂ ಕಾರ್ಡಿಗೆ ಎಂಜಿನಿಯರುಗಳಿಗೆ ಇದ್ದ ಕನಿಷ್ಠ ಸಂಬಳದ ಮಿತಿ ವರ್ಷಕ್ಕೆ 41,000 ಚಿಲ್ಲರೆ ಯೂರೋ. ನನಗೆ ಸಿಕ್ಕಿದ್ದು 46,000ದ ಆಸುಪಾಸು. ಕೆಲಸ ಎರಕದ್ದೇ. ಅಲ್ಲೂ ಮರಳು ಮರಳೇ, ಬ್ಲೋಹೋಲ್ (ಎರಕದೊಳಗೆ ಗಾಳಿ ಸಿಕ್ಕಿ ಆಗುವ ತೂತು) ಬ್ಲೋಹೋಲೇ. ಇಂಟರ್‌ವ್ಯೂನಲ್ಲಿ ಅವರು ಒಂದು ಒಡೆದ ಎರಕದ ಫೋಟೋ ತೋರಿಸಿದರು. ಗೇಟಿಂಗ್, ಅಂದರೆ ಕರಗಿದ ಲೋಹ ಅಚ್ಚಿಗೆ ಹರಿಯುವ ದಾರಿ, ಎಲ್ಲಿ ತಪ್ಪಿದೆ ಅಂತ ಹೇಳಿದೆ. ಅಷ್ಟಕ್ಕೇ ಕೆಲಸ ಆಯಿತು ಅಂತ ಈಗಲೂ ನನ್ನ ನಂಬಿಕೆ.

ಜನ ವೀಸಾಕ್ಕೆ ಹೆದರುತ್ತಾರೆ. ನಿಜವಾದ ಗಂಟು ಇರುವುದು ವಿಳಾಸದಲ್ಲಿ. ಮನೆಗೆ ಹೋಗಿ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ಹೆಸರು ಬರೆಸಬೇಕು. ಇದೇ ಆನ್‌ಮೆಲ್ಡುಂಗ್. ಮೊದಲೇ ಹೋಗಿ ಬರೆಸುವ ಹಾಗಿಲ್ಲ. ಬರೆಸಲು ಮನೆ ಕೊಟ್ಟವರು ಸಹಿ ಮಾಡಿದ ಒಂದು ಹಾಳೆ ಬೇಕು. 2015ರ ನವೆಂಬರಿನಿಂದ ಈ ಹಾಳೆ ಇಲ್ಲದೆ ನಡೆಯುವುದಿಲ್ಲ. ಬಾಡಿಗೆ ಕರಾರು ತೋರಿಸಿದರೂ ಒಪ್ಪುವುದಿಲ್ಲ. ನೋಂದಣಿ ಆಗದಿದ್ದರೆ ತೆರಿಗೆ ನಂಬರ್ ಬರುವುದಿಲ್ಲ, ಬ್ಲೂ ಕಾರ್ಡ್ ಕಚೇರಿ ಫೈಲ್ ಮುಟ್ಟುವುದಿಲ್ಲ, ಎಷ್ಟೋ ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ.

ನನಗಿಂತ ಮೊದಲು ನಮ್ಮ ಶಾಪ್‌ನಿಂದಲೇ ಒಬ್ಬ ಏಜೆಂಟ್ ಮೂಲಕ ಹೋಗಿದ್ದ. ದೊಡ್ಡ ನಗರ. ಏಜೆಂಟ್ ಹಿಡಿದುಕೊಟ್ಟ ರೂಮಿನ ಮಾಲೀಕ ಬಾಡಿಗೆ ಮಾತ್ರ ತೆಗೆದುಕೊಂಡ, ಸಹಿ ಹಾಕುವುದಿಲ್ಲ ಅಂದ. ಹುಡುಗ ತಿಂಗಳುಗಟ್ಟಲೆ ಅಲೆದ. ವಿಳಾಸ ಮಾರುವವರೂ ಅಲ್ಲಿದ್ದಾರೆ. ಇನ್ನೂರು ಮುನ್ನೂರು ಯೂರೋ ಕೊಟ್ಟರೆ ಸಹಿ ಹಾಕಿದ ಹಾಳೆ ಸಿಗುತ್ತದೆ. ಅದಕ್ಕೆ ಕೈ ಹಾಕಬೇಡಿ. ವಾಸ ಮಾಡದ ಮನೆಗೆ ವಿಳಾಸ ಕೊಟ್ಟವರಿಗೆ 50,000 ಯೂರೋ ತನಕ ದಂಡ ಹಾಕಬಹುದು, ಬರೆಸಿಕೊಂಡವನೂ ಸಿಕ್ಕಿಬೀಳುತ್ತಾನೆ. ಶಿವಮೊಗ್ಗದ ಒಬ್ಬ ಏಜೆಂಟ್ ನನಗೂ ಮೂರೂವರೆ ಲಕ್ಷ ಹೇಳಿದ್ದ, "ನೋಂದಣಿ ಸಹಾಯ ಸೇರಿ". ಆ ಹಾಳೆಗೆ ಯಾರು ಸಹಿ ಹಾಕುತ್ತಾರೆ ಅಂತ ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಆಮೇಲೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ದೊಡ್ಡ ನಗರಗಳ ಮತ್ತು ಕೆಲವು ಸಣ್ಣ ಊರುಗಳ ನೋಂದಣಿ ಕಚೇರಿಯ ಅಪಾಯಿಂಟ್‌ಮೆಂಟ್ ಪುಟಗಳನ್ನು ರಾತ್ರಿ ಪಾಳಿ ಮುಗಿಸಿ ಬಂದು ದಿನಾ ತೆರೆದು ನೋಡುತ್ತಿದ್ದೆ. ದೊಡ್ಡ ನಗರಗಳಲ್ಲಿ ವಾರಗಟ್ಟಲೆ ಖಾಲಿ ಜಾಗವೇ ಕಾಣಿಸಲಿಲ್ಲ. ಸಣ್ಣ ಊರುಗಳಲ್ಲಿ ನಾಳೆ ಬೆಳಿಗ್ಗೆಗೇ ಇತ್ತು. ಒಂದು ಊರಿನಲ್ಲಂತೂ ಅಪಾಯಿಂಟ್‌ಮೆಂಟೇ ಬೇಡ, ಬಾಗಿಲು ತೆರೆದಾಗ ಬನ್ನಿ ಅಂತ ಬರೆದಿದ್ದರು. ಆವತ್ತೇ ನಿರ್ಧಾರ ಮಾಡಿದೆ, ಸಣ್ಣ ಊರೇ ಸರಿ. "ಮ್ಯೂನಿಕ್‌ನಲ್ಲಿ ಕನ್ನಡ ಸಂಘ ಇದೆ, ನೀನು ಯಾವುದೋ ಕಾಡಿಗೆ ಹೋಗ್ತೀಯಾ?" ಅಂದರು ಗೆಳೆಯರು. ಕಾಡಿನಿಂದ ಬಂದವನಿಗೆ ಕಾಡು ಹೊಸದಾ?

ನಾನು ಆರಿಸಿಕೊಂಡಿದ್ದು ಜರ್ಮನಿಯ ಪಶ್ಚಿಮ ಭಾಗದ ಸಾವರ್‌ಲ್ಯಾಂಡ್. ಗುಡ್ಡ, ಕಾಡು, ಮಳೆ, ಜೊತೆಗೆ ಲೋಹದ ಕಾರ್ಖಾನೆಗಳು. ಅಲ್ಲಿಯವರು ಮಳೆ ಮಳೆ ಅಂತ ಗೊಣಗುತ್ತಾರೆ. ಆಗುಂಬೆ ಕಡೆಯ ಆಷಾಢ ನೋಡಿದವರಿಗೆ ಅದು ಬರೀ ತುಂತುರು.

ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಬಾಡಿಗೆ ಸೈಟುಗಳಲ್ಲಿ ಐವತ್ತು ಅರವತ್ತು ಮೆಸೇಜ್ ಹಾಕಿರಬಹುದು. ಉತ್ತರ ಬಂದಿದ್ದು ಬೆರಳೆಣಿಕೆಯಷ್ಟು. ಅದರಲ್ಲಿ ಒಬ್ಬ "ನಾನು ಲಂಡನ್ನಿನಲ್ಲಿದ್ದೇನೆ, 1,500 ಯೂರೋ ಕಳಿಸಿ, ಕೀಲಿ ಕೊರಿಯರ್ ಮಾಡುತ್ತೇನೆ" ಅಂದ. ಇಂಥವರು ಹೇಳುವುದೆಲ್ಲ ಒಂದೇ ಕತೆ. ಇನ್ನೊಬ್ಬರದು ಪ್ರವಾಸಿಗರಿಗೆ ಕೊಡುವ ಫ್ಲ್ಯಾಟ್. ಎಲ್ಲ ಮಾತಾದ ಮೇಲೆ ಕೊನೆಯಲ್ಲಿ ಹಾಳೆಯ ವಿಷಯ ಎತ್ತಿದೆ. ಮರುದಿನದಿಂದ ಉತ್ತರವೇ ಇಲ್ಲ. ಟಿಕೆಟ್ ಬುಕ್ ಆಗಿತ್ತು, ಮನೆಯಲ್ಲಿ ಅಮ್ಮ ಉಪ್ಪಿನಕಾಯಿ ಪ್ಯಾಕ್ ಮಾಡುತ್ತಿದ್ದಳು, ನನಗೆ ಮಾತ್ರ ನಿದ್ದೆ ಇರಲಿಲ್ಲ.

ಆಗ ಹೊಳೆದಿದ್ದು ಕಾಗದ. ನಿಜವಾದ ಕಾಗದ, ಸ್ಟಾಂಪ್ ಹಚ್ಚಿದ್ದು. ಕೈಯಲ್ಲಿ ಎ2 ಮಟ್ಟದ, ಅಂದರೆ ದಿನನಿತ್ಯದ ಸರಳ ಮಾತಿಗೆ ಸಾಲುವಷ್ಟು, ಜರ್ಮನ್ ಇತ್ತು. ಒಂದೇ ಪುಟ, ಕೈಬರಹ. ನಾನು ಯಾರು, ಎಲ್ಲಿ ಕೆಲಸ, ಸಂಬಳ ಎಷ್ಟು, ಸಿಗರೇಟು ಇಲ್ಲ, ನಾಯಿ ಬೆಕ್ಕು ಇಲ್ಲ. ಜೊತೆಗೆ ಕೆಲಸದ ಕರಾರಿನ ಪ್ರತಿ, ಒಂದು ಫೋಟೋ. ಮತ್ತು ಮೊದಲ ಪ್ಯಾರಾದಲ್ಲೇ, ನೋಂದಣಿ ಹಾಳೆಗೆ ಸಹಿ ಬೇಕು ಅನ್ನುವ ಮಾತು. ಆಗ ಸಹಿ ಹಾಕದವರು ಉತ್ತರವನ್ನೇ ಬರೆಯುವುದಿಲ್ಲ, ನಮ್ಮ ಸಮಯ ಉಳಿಯುತ್ತದೆ. ಎರಡನೇ ಪ್ಯಾರಾದಲ್ಲಿ ಏನಿತ್ತು ಅಂತ ಹೇಳುವುದಿಲ್ಲ. ಖಾಸಗಿ ಮಾಲೀಕರ ವಿಳಾಸ ಎಲ್ಲಿಂದ ಸಿಕ್ಕಿತು ಅನ್ನುವುದೂ ನನ್ನಲ್ಲೇ ಇರಲಿ. ನನ್ನ ತಮ್ಮನೂ ಬರುವವನಿದ್ದಾನೆ. ಆ ಊರಿನ ವಸತಿ ಸಹಕಾರ ಸಂಘಗಳ ವಿಳಾಸ ಯಾರಿಗಾದರೂ ಸಿಗುತ್ತದೆ, ಅಲ್ಲಿಂದ ಶುರು ಮಾಡಿ.

ಸಾಗರದ ಅಂಚೆ ಕಚೇರಿಯಲ್ಲಿ ಕಂತೆ ಇಟ್ಟಾಗ ಕೌಂಟರಿನವರು "ಜರ್ಮನಿಗಾ? ಇಷ್ಟೊಂದಾ?" ಅಂತ ಎರಡು ಸಲ ಕೇಳಿದರು. ರಿಜಿಸ್ಟರ್ಡ್, ತಲಾ ನೂರು ಚಿಲ್ಲರೆ ರೂಪಾಯಿ. ಒಟ್ಟು ಎರಡು ಸಾವಿರದ ಹತ್ತಿರ ಆಯಿತು. ಗೆಳೆಯರು ಇದನ್ನೇ ಹಿಡಿದುಕೊಂಡು ಕಾಲೆಳೆದರು, ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರಾ ಅಂತ. ಮೂರು ವಾರದ ಮೇಲೆ ಉತ್ತರಗಳು ಬಂದವು. ಒಂದು ಚಂದದ ಕಾರ್ಡು, ಮನೆ ಖಾಲಿ ಇಲ್ಲ ಅಂತ. ಇನ್ನೊಂದು ಸಂಘದ್ದು, ಮೊದಲು ಷೇರು ತಗೊಂಡು ಸದಸ್ಯನಾಗಬೇಕು ಅಂತ. ಮತ್ತೊಂದು ಇಮೇಲ್, ಒಬ್ಬ ನಿವೃತ್ತ ಅಜ್ಜನದು. ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸಿದ, ನಾನು ಹೇಳುವ ಮೊದಲೇ ಆ ಹಾಳೆಯ ಖಾಲಿ ನಮೂನೆಯನ್ನೂ ಎತ್ತಿ ತೋರಿಸಿದ. ಬಾಡಿಗೆ ಬರೀ ಮನೆಗೆ 380 ಯೂರೋ, ಹೀಟಿಂಗು ನೀರು ಸೇರಿ 520ರ ಹತ್ತಿರ. ಠೇವಣಿ ಬರೀ ಬಾಡಿಗೆಯ ಮೂರು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ನಾನು ಹಾಗೇ ಕೊಟ್ಟೆ. ಬರುವ ಮೊದಲು ಒಂದು ಪೈಸೆ ಕಳಿಸಲಿಲ್ಲ.

ಇಡೀ ಮನೆ ಬಾಡಿಗೆಗೆ ಸಿಗದವರಿಗೆ ಒಂದು ಮಾತು. ಸಹಿ ಮಾಲೀಕನದೇ ಆಗಬೇಕಿಲ್ಲ. ಯಾರದಾದರೂ ಮನೆಯಲ್ಲಿ ಒಂದು ರೂಮು ಒಳಬಾಡಿಗೆಗೆ ತಗೊಂಡರೆ ಆ ಮುಖ್ಯ ಬಾಡಿಗೆದಾರನೇ ಸಹಿ ಹಾಕಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ರೂಮು ಬಿಟ್ಟುಬಿಡುತ್ತಾರೆ.

ಹೆಸರಿನ ವಿಷಯ ಹೊರಡುವ ಮೊದಲೇ ಸರಿ ಮಾಡಿಕೊಳ್ಳಿ. ನಮ್ಮ ಕಡೆ ಇನಿಶಿಯಲ್ ಅಂದರೆ ಊರು ಮತ್ತು ಅಪ್ಪ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಲ್ಲಿನ ಕಂಪ್ಯೂಟರ್ ಗೊಂದಲಕ್ಕೆ ಬೀಳುತ್ತದೆ, ಒಂದೊಂದು ಕಚೇರಿ ಒಂದೊಂದು ಥರ ಬರೆಯುತ್ತದೆ. ನಾನು 1,500 ರೂಪಾಯಿ ಕಟ್ಟಿ ಪಾಸ್‌ಪೋರ್ಟ್ ಮತ್ತೆ ಮಾಡಿಸಿದೆ. ಸರ್‌ನೇಮ್ ಜಾಗಕ್ಕೆ ಇನಿಶಿಯಲ್‌ನ ಊರ ಹೆಸರನ್ನೇ ಹಾಕಿಸಿದೆ. ಅದು ನನ್ನ ಸ್ವಂತ ಅಜ್ಜನ ಊರು, 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ್ದು. ಈಗ ಆ ಹೆಸರು ಉಳಿದಿರುವುದು ನಮ್ಮ ಮನೆಯವರ ಇನಿಶಿಯಲ್‌ಗಳಲ್ಲಿ ಮಾತ್ರ. ತಮಾಷೆ ಅಂದರೆ ಸಾವರ್‌ಲ್ಯಾಂಡಿನಲ್ಲಿ ನನ್ನ ಮನೆ ಹತ್ತಿರ ಇರುವ ಬಿಗ್ಗೆ ಅಣೆಕಟ್ಟು ಬಳಕೆಗೆ ಬಂದಿದ್ದು 1965ರಲ್ಲಿ. ಅಲ್ಲೂ ಹಳ್ಳಿಗಳು ಮುಳುಗಿವೆ. ನಮ್ಮ ಮಾಲೀಕ ಅಜ್ಜನಿಗೆ ಈ ಸುದ್ದಿ ಹೇಳಿದ ಮೇಲೆ ಅವನು ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತ.

ನೋಂದಣಿ ದಿನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಪಾಸ್‌ಪೋರ್ಟ್, ಅರ್ಜಿ, ಸಹಿ ಹಾಕಿದ ಹಾಳೆ. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು, ದುಡ್ಡೂ ಕೇಳಲಿಲ್ಲ. ಅರ್ಜಿಯಲ್ಲಿ ಧರ್ಮದ ಕಾಲಂ ಇದೆ. ಅದನ್ನು ನೋಡಿ ಹೆದರಬೇಡಿ. ಚರ್ಚಿನ ಸದಸ್ಯರಿಗೆ ಆದಾಯ ತೆರಿಗೆಯ ಮೇಲೆ ಎಂಟೋ ಒಂಬತ್ತೋ ಪರ್ಸೆಂಟ್ ಚರ್ಚ್ ತೆರಿಗೆ ಬೀಳುತ್ತದೆ, ನಮಗಿಲ್ಲ. ನಾನು ಗೆರೆ ಎಳೆದೆ.

ಎಡವಟ್ಟು ಆಗಿದ್ದು ಅಂಚೆ ಡಬ್ಬದಲ್ಲಿ. ಅಲ್ಲಿ ಡಬ್ಬದ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ, ಮನೆ ನಂಬರ್ ಸರಿ ಇದ್ದರೂ ಅಷ್ಟೇ. ಮಾಲೀಕ ಅಜ್ಜ ಹಳೇ ಬಾಡಿಗೆದಾರನ ಹೆಸರು ತೆಗೆದಿರಲಿಲ್ಲ. ತೆರಿಗೆ ನಂಬರಿನ ಪತ್ರ ಬಂದು ತಿರುಗಿ ಹೋಗಿತ್ತು. ನಂಬರ್ ಇಲ್ಲದ ಕಾರಣ ಮೊದಲ ಸಂಬಳಕ್ಕೆ ಆರನೇ ದರ್ಜೆಯ ತೆರಿಗೆ, ಅಂದರೆ ಎಲ್ಲಕ್ಕಿಂತ ಜಾಸ್ತಿ ಕಡಿತವಾಗುವ ದರ್ಜೆ, ಹಾಕಿದರು. 2,450 ಬರಬೇಕಾದಲ್ಲಿ 400 ಯೂರೋ ಕಡಿಮೆ, ಅಂದರೆ 36,000 ರೂಪಾಯಿ! ಆಮೇಲಿನ ಸಂಬಳದಲ್ಲಿ ವಾಪಸ್ ಬಂತು ಅನ್ನಿ. ಆವತ್ತೇ ಸಂಜೆ ಬಿಸ್ಕತ್ ಡಬ್ಬದ ರಟ್ಟು ಕತ್ತರಿಸಿ ಹೆಸರು ಬರೆದೆ. ಡಬ್ಬದ ಹೆಸರಿನ ಪಟ್ಟಿ ಕಿರುಬೆರಳಿನಷ್ಟು ಉದ್ದ. ನಮ್ಮ ಊರ ಹೆಸರು ಅದರಲ್ಲಿ ಹಿಡಿಯಲಿಲ್ಲ, ಕೊನೆಯ ಎರಡು ಅಕ್ಷರ ಟೇಪಿನ ಕೆಳಗೆ ಮಡಚಿ ಕೂತಿವೆ. ಪತ್ರ ಬರುತ್ತಿದೆ, ಸಾಕು. ಮೊದಲು ಬಂದಿದ್ದು ಟಿವಿ ರೇಡಿಯೋ ಶುಲ್ಕದ ನೋಟಿಸು. ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು.

ಅಡುಗೆಮನೆ ಅಂತ ತೋರಿಸಿದ ಕೋಣೆಯಲ್ಲಿ ಗೋಡೆಯಿಂದ ಎರಡು ಪೈಪು ಬಿಟ್ಟರೆ ಏನೂ ಇರಲಿಲ್ಲ. ಸಿಂಕೂ ಇಲ್ಲ. ಅಲ್ಲಿ ಎಷ್ಟೋ ಬಾಡಿಗೆದಾರರು ಅಡುಗೆಮನೆಯನ್ನೇ ಕಿತ್ತುಕೊಂಡು ಹೋಗುತ್ತಾರೆ. ಹಳೇ ಬಾಡಿಗೆದಾರ ತನ್ನದಕ್ಕೆ 800 ಹೇಳಿದ, 600ಕ್ಕೆ ತಂದೆ, ಓವನ್ ಸೇರಿ. ಅದೇ ಓವನ್ ನನ್ನ ದೋಸೆ ಪ್ರಯೋಗಕ್ಕೆ ಉಪಕಾರವಾಯಿತು. ಅಕ್ಟೋಬರಿನಲ್ಲಿ ಹಿಟ್ಟು ಉಬ್ಬುವುದೇ ಇಲ್ಲ. ಹೀಟರ್ ಮೇಲಿಟ್ಟರೆ ಒಂದು ಕಡೆ ಒಣಗುತ್ತದೆ. ಓವನ್ ಉರಿಸದೆ ಒಳಗಿನ ಲೈಟ್ ಮಾತ್ರ ಹಾಕಿ ರಾತ್ರಿಯಿಡೀ ಇಡಿ, ಬೆಳಿಗ್ಗೆ ಉಕ್ಕಿರುತ್ತದೆ. ಅಕ್ಕಿಗೆ ಅಲ್ಲಿನ ಪಾಯಸದ ಅಕ್ಕಿ ತಗೊಳ್ಳಿ, ಮಿಲ್ಷ್‌ರೈಸ್ ಅಂತ ಸಿಗುತ್ತದೆ. ದುಂಡಗಿನ ಅಕ್ಕಿ, ಅಗ್ಗ. ಕಡುಬಿಗೂ ಆಗುತ್ತದೆ. ಬಾಸ್ಮತಿ ದಂಡ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ವೀಸಾ 75 ಯೂರೋ, ಮೇಲೆ ಸೇವಾ ಶುಲ್ಕ. ಟಿಕೆಟ್ ನಲವತ್ತು ಸಾವಿರದ ಮೇಲೆ. ಮೊದಲ ಬಾಡಿಗೆ, ಠೇವಣಿಯ ಒಂದು ಕಂತು, ಅಡುಗೆಮನೆ, ಊಟ, ಒಂದು ದಪ್ಪ ಜಾಕೆಟ್ಟು. ಮೊದಲ ಸಂಬಳ ಬರುವ ತನಕ ಎರಡೂವರೆ ಲಕ್ಷದೊಳಗೆ ಮುಗಿಯಿತು. ಏಜೆಂಟ್ ಮೂಲಕ ಹೋಗಿದ್ದರೂ ಇದಿಷ್ಟೂ ಖರ್ಚಾಗುತ್ತಿತ್ತು, ಅವನ ಮೂರೂವರೆ ಲಕ್ಷ ಬೇರೆ. ಒಬ್ಬಂಟಿಯಾಗಿ ಹೋಗುವವರು ಮೂರು ಲಕ್ಷ ಕೈಯಲ್ಲಿಟ್ಟುಕೊಳ್ಳಿ. ಚಿನ್ನ ಅಡ ಇಡಬೇಕಾಗಿಲ್ಲ.

ನೋಂದಣಿ ಆಗಿದೆ ಅಂತ ಊರಿನ ಕಚೇರಿ ಕೊಟ್ಟ ಪತ್ರ ಹಿಡಿದು ಜಿಲ್ಲಾ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು 100 ಯೂರೋ ಕಟ್ಟಿದೆ. ಬ್ಲೂ ಕಾರ್ಡ್ ಒಂದೂವರೆ ತಿಂಗಳಿಗೆ ಬಂತು. ಈ ಕಾರ್ಡಿನವರಿಗೆ 27 ತಿಂಗಳ ಮೇಲೆ ಕಾಯಂ ವಾಸದ ಪರವಾನಗಿ ಸಿಗುತ್ತದೆ. ಎ2ಗಿಂತ ಒಂದು ಮೆಟ್ಟಿಲು ಮೇಲಿನ ಬಿ1 ಮಟ್ಟದ ಜರ್ಮನ್ ಇದ್ದರೆ 21 ತಿಂಗಳಿಗೇ. ಈಗ ನನ್ನ ತಲೆಯಲ್ಲಿ ಓಡುತ್ತಿರುವುದು ಅದೇ. ಬರೆಯುವುದು, ಓದುವುದು ಪರವಾಗಿಲ್ಲ. ಕೇಳಿಸಿಕೊಳ್ಳುವುದೇ ಕಷ್ಟ, ನಮ್ಮ ಮಾಲೀಕ ಅಜ್ಜ ಹಲ್ಲಿನ ಸೆಟ್ ತೆಗೆದಿಟ್ಟು ಮಾತಾಡಿದಾಗಲಂತೂ ಒಂದು ಪದವೂ ಗೊತ್ತಾಗುವುದಿಲ್ಲ.