ರಿಯಾದ್ ದುರಸ್ತಿ: ತಾರಸಿಯಿಂದ ಶುರು ಮಾಡಿ, ಅಂಗಳಕ್ಕೆ ಕೊನೆಗೆ ಬನ್ನಿ

ಮೊರಾಕೊದ ಫೆಜ್ ಅಥವಾ ಮರಕೇಶ್‌ನ ಹಳೇ ಪೇಟೆಯಲ್ಲಿ ಓಡಾಡುವಾಗ ಮನೆಗಳು ಕಣ್ಣಿಗೆ ಬೀಳುವುದೇ ಇಲ್ಲ. ಕಾಣುವುದು ಎತ್ತರದ ಬೋಳು ಗೋಡೆ, ಒಂದು ಮರದ ಬಾಗಿಲು, ಅಷ್ಟೇ. ಬಾಗಿಲು ದಾಟಿ ಒಂದು ತಿರುವು ತಿರುಗಿದರೆ ಆಕಾಶಕ್ಕೆ ತೆರೆದ ಅಂಗಳ, ನಡುವೆ ಕಾರಂಜಿ, ಸುತ್ತಲೂ ಕೋಣೆಗಳು. ನಮ್ಮ ತೊಟ್ಟಿ ಮನೆ ಕಂಡವರಿಗೆ ಇದು ತೀರಾ ಹೊಸದಲ್ಲ. ಅಂಗಳದಲ್ಲಿ ಗಿಡಮರ ಇದ್ದರೆ ಅದು ರಿಯಾದ್. ಈ ಅರಬ್ಬಿ ಪದದ ಅರ್ಥವೇ ತೋಟ. ಗಿಡವಿಲ್ಲದ ಚಿಕ್ಕ ಅಂಗಳವಾದರೆ ದಾರ್ ಅನ್ನುತ್ತಾರೆ.

ಇಂಥ ಮನೆ ಕೊಂಡವರಿಗೆ ಮೊದಲು ಅಂಗಳದ ಮೇಲೆಯೇ ಕಣ್ಣು. ಒಡೆದ ಬಿಲ್ಲೆಗಳನ್ನು ಕಿತ್ತು ಹೊಸದು ಹಾಕಿಸುವ ಆಸೆ. ದಯವಿಟ್ಟು ತಡೆಯಿರಿ. ಈ ಮನೆಗಳನ್ನು ಕೆಡಿಸುವುದು ನೀರು. ಅದು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ಹಾಗಾಗಿ ಮೊದಲು ತಾರಸಿ ಮತ್ತು ಮೋರಿ, ಆಮೇಲೆ ಗೋಡೆ, ಅಂಗಳದ ಅಂದಚೆಂದ ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಮಾಡಿಸಿದ್ದನ್ನೇ ಒಡೆದು ಮತ್ತೆ ಮಾಡಿಸಬೇಕಾಗುತ್ತದೆ.

ಮೊದಲು ಕಾಗದಪತ್ರ

ಹಳೇ ಮನೆಗಳಿಗೆ ಎರಡು ಬಗೆಯ ದಾಖಲೆ ಇರುತ್ತದೆ. ಒಂದು, ಸರ್ಕಾರದ ಭೂ ನೋಂದಣಿ ಪತ್ರ. ಇನ್ನೊಂದು ಮೆಲ್ಕಿಯಾ. ಇದು ಅದೂಲ್ ಎಂಬ ಸಾಂಪ್ರದಾಯಿಕ ಪತ್ರಬರಹಗಾರರು ಬರೆದುಕೊಟ್ಟದ್ದು. ಮೆಲ್ಕಿಯಾ ಮನೆಯಲ್ಲಿ ಅಜ್ಜನ ಆಸ್ತಿಗೆ ಹತ್ತಾರು ಮೊಮ್ಮಕ್ಕಳು ಪಾಲುದಾರರಾಗಿರಬಹುದು. ಎಲ್ಲರ ಒಪ್ಪಿಗೆಯೂ ಬೇಕು. ನಿಮ್ಮ ಕೋಣೆಯ ಮೇಲಿನ ಕೋಣೆ ಪಕ್ಕದ ಮನೆಯವರದ್ದಾಗಿರುವುದೂ ಉಂಟು! ಪತ್ರ ಕೈಯಲ್ಲಿ ಹಿಡಿದು, ಒಂದೊಂದೇ ಕೋಣೆ ಅಳೆದು ನೋಡಿ. ನಗರಸಭೆಯ ಪರವಾನಗಿ ಇಲ್ಲದೆ ಕೆಲಸ ಶುರು ಮಾಡಬೇಡಿ. ಫೆಜ್‌ನ ಹಳೇ ಪೇಟೆ 1981ರಿಂದ, ಮರಕೇಶ್‌ನದು 1985ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಹೊರಗೋಡೆ, ಎತ್ತರ ಇವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ.

ಬಿರುಕು, ತೊಲೆ ನೋಡಿ

ಗೋಡೆಯ ಬಿರುಕು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ತಿಳಿಯಲು ಸುಲಭದ ದಾರಿ ಇದೆ. ಬಿರುಕಿಗೆ ಅಡ್ಡಲಾಗಿ ಅಂಗೈಯಗಲ ಜಿಪ್ಸಮ್ ಮೆತ್ತಿ, ಅದರ ಮೇಲೆ ತಾರೀಖು ಬರೆಯಿರಿ. ಕೆಲವು ತಿಂಗಳಲ್ಲಿ ಅದೂ ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದೇ ಲೆಕ್ಕ. 2023ರ ಸೆಪ್ಟೆಂಬರ್ 8ರ ಭೂಕಂಪದ ನಂತರವಂತೂ ಮರಕೇಶ್‌ನಲ್ಲಿ ಎಂಜಿನಿಯರ್ ಬಂದು ನೋಡದೆ ಮುಂದೆ ಹೋಗಲೇಬಾರದು. ಅಕ್ಕಪಕ್ಕದ ಮನೆಗಳಿಗೆ ಗೋಡೆ ಒಂದೇ ಆಗಿರುವುದರಿಂದ ನೀವು ಒಂದು ಗೋಡೆ ಕೆಡವಿದರೆ ನೆರೆಮನೆಯೂ ವಾಲಬಹುದು.

ಫೆಜ್‌ನ ತೊಲೆಗಳು ಹೆಚ್ಚಾಗಿ ಅಟ್ಲಾಸ್ ಬೆಟ್ಟದ ಸೀಡರ್. ನಮ್ಮ ಹಿಮಾಲಯದ ದೇವದಾರುವಿನ ಬಳಗದ ಮರ ಇದು. ತೊಲೆ ನಡುವೆ ಗಟ್ಟಿಯಾಗಿಯೇ ಕಾಣುತ್ತದೆ. ಕೊಳೆಯುವುದು ಗೋಡೆಯೊಳಗೆ ಹೊಕ್ಕ ತುದಿ. ಅಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ.

ತಾರಸಿ ಮತ್ತು ಮೋರಿ

ತೊಲೆಯ ಮೇಲೆ ಹಲಗೆ, ಅದರ ಮೇಲೆ ಮಣ್ಣು ಮತ್ತು ಸುಣ್ಣ ಬೆರೆಸಿ ಬಡಿದು ಕೂರಿಸಿದ ಪದರ. ತಾರಸಿ ಸೋರಿದಾಗಲೆಲ್ಲ ಹಿಂದಿನವರು ಹಳೆಯದರ ಮೇಲೆಯೇ ಹೊಸ ಪದರ ಹಾಕಿರುತ್ತಾರೆ. ಆ ಭಾರಕ್ಕೇ ತೊಲೆ ಬಾಗುತ್ತದೆ. ಆದ್ದರಿಂದ ಮೊದಲು ಕೆಳಗಿನಿಂದ ಆಸರೆ ಕೊಟ್ಟು, ಹಳೇ ಪದರಗಳನ್ನೆಲ್ಲ ಇಳಿಸಿ, ಕೊಳೆತ ತೊಲೆ ಬದಲಿಸಿ, ನೀರು ಹರಿಯುವಂತೆ ಇಳಿಜಾರು ಕೊಟ್ಟು ಹೊಸದಾಗಿ ಹಾಕಿಸಿ. ಚಳಿಗಾಲದ ಮಳೆಗೆ ಮುಂಚೆ ಇದು ಮುಗಿಯಬೇಕು. ಅಂಗಳದ ಕೆಳಗಿನ ಮೋರಿಯನ್ನೂ ಈಗಲೇ ತೆರೆಸಿ.

ಇಳಿಸಿದ ಮಣ್ಣು ಹೊರಗೆ ಹೋಗುವುದು ಹೇಗೆ? ಫೆಜ್‌ನ ಓಣಿಗಳಿಗೆ ಲಾರಿ ಬರುವುದಿಲ್ಲ. ಹೇಸರಗತ್ತೆ, ಕತ್ತೆಗಳೇ ಹೊರಬೇಕು. ಹಿಂದಿನಿಂದ 'ಬಲಕ್!' ಅಂತ ಕೂಗು ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು, ದಾರಿ ಬಿಡಿ ಅಂತ ಅದರ ಅರ್ಥ. ಮಣ್ಣು ಆಚೆಗೆ, ಮರಳು ಒಳಗೆ, ಎರಡಕ್ಕೂ ಬಾಡಿಗೆ ಬೀಳುತ್ತದೆ. ಬಜೆಟ್‌ನಲ್ಲಿ ಇದನ್ನು ಮರೆಯುವವರೇ ಜಾಸ್ತಿ. ರಂಜಾನ್ ತಿಂಗಳಲ್ಲಿ ಕೆಲಸದ ಹೊತ್ತು ಕಡಿಮೆ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೋಡೆಗೆ ಸಿಮೆಂಟ್ ಬೇಡ

ಮರಕೇಶ್‌ನ ಹಳೇ ಗೋಡೆ ಹೆಚ್ಚಾಗಿ ಬಡಿದು ಕಟ್ಟಿದ ಮಣ್ಣಿನದು. ಫೆಜ್‌ನದು ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ನೆಲದ ತೇವ ಗೋಡೆಗೆ ಏರಿ, ಮೈಯಿಂದ ಆರಿಹೋಗುತ್ತಿರುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿತು. ತೇವ ಇನ್ನೂ ಮೇಲಕ್ಕೇರುತ್ತದೆ, ಉಪ್ಪು ಉಬ್ಬಿ ಗಾರೆ ಉದುರುತ್ತದೆ. ಸುಣ್ಣ ನಿಧಾನ, ನಿಜ. ಆದರೂ ಸುಣ್ಣದ ಮನೆಗೆ ಸುಣ್ಣವೇ ಸರಿ. ಸಿಮೆಂಟ್ ಬೇಗ ಆಗುತ್ತದೆ ಅಂತ ಯಾರು ಒತ್ತಾಯ ಮಾಡಿದರೂ ಒಪ್ಪಬೇಡಿ.

ಕೊನೆಗೆ ಅಲಂಕಾರ

ಸ್ನಾನದ ಮನೆಗೆ ತಾದೆಲಾಕ್ತ್ ಮಾಡಿಸಿ. ಇದು ಮರಕೇಶ್ ಸೀಮೆಯ ಸುಣ್ಣದಿಂದ ಮಾಡುವ ಗಾರೆ. ಅರಳಿಸಿದ ಸುಣ್ಣಕ್ಕೆ ಬಣ್ಣ ಬೆರೆಸಿ ಗೋಡೆಗೆ ಬಳಿದು, ಪೂರ್ತಿ ಒಣಗುವ ಮುಂಚೆ ನುಣುಪಾದ ಕಲ್ಲಿನಿಂದ ತಿಕ್ಕುತ್ತಾರೆ. ಮಾಲೆಮ್, ಅಂದರೆ ಅಲ್ಲಿನ ಹಿರಿಯ ಮೇಸ್ತ್ರಿ, ಗೋಡೆಗೆ ಮುಖವಿಟ್ಟು ಗಂಟೆಗಟ್ಟಲೆ ಸಣ್ಣ ಸಣ್ಣ ಸುತ್ತಿನಲ್ಲಿ ಕಲ್ಲಾಡಿಸುತ್ತಲೇ ಇರುತ್ತಾನೆ. ಆಮೇಲೆ ಆಲಿವ್ ಎಣ್ಣೆಯ ಕಪ್ಪು ಸಾಬೂನು ಬಳಿದು ಮತ್ತೆ ತಿಕ್ಕುತ್ತಾನೆ. ಸಾಬೂನು ಸುಣ್ಣದ ಜೊತೆ ಸೇರಿ ನೀರಿನಲ್ಲಿ ಕರಗದ ಪದರವಾಗುತ್ತದೆ. ಕಲ್ಲಿನ ಹೊಳಪು ಬರುವುದು ಆಗಲೇ. ಕೆಲವು ವಾರ ನೀರು ತಾಗಿಸದೆ ಒಣಗಲು ಬಿಡಿ.

ಝೆಲೀಜ್ ಎಂದರೆ ಮೆರುಗು ಕೊಟ್ಟ ಬಿಲ್ಲೆಯನ್ನು ಕೈಸುತ್ತಿಗೆಯಿಂದ ನಕ್ಷತ್ರ, ಎಲೆಯ ಆಕಾರಕ್ಕೆ ಕತ್ತರಿಸಿ ಜೋಡಿಸುವುದು. ಗೋಡೆಯ ಫಲಕಕ್ಕೆ ಚೂರುಗಳನ್ನು ಬಣ್ಣದ ಮುಖ ಕೆಳಗೆ ಮಾಡಿ ಜೋಡಿಸುತ್ತಾರೆ. ಅಂದರೆ ಬಣ್ಣ ಕಾಣದೆಯೇ, ವಿನ್ಯಾಸ ಪೂರ್ತಿ ನೆನಪಿನಿಂದ! ಹಳೇ ಝೆಲೀಜ್ ಗಟ್ಟಿಯಿದ್ದರೆ ಕೀಳಬೇಡಿ. ಬಿದ್ದುಹೋದ ಚೂರುಗಳನ್ನಷ್ಟೇ ಅದೇ ಅಳತೆಗೆ ಕತ್ತರಿಸಿ ತುಂಬಿಸಿ.

ಶುಚಿ ಮಾಡಲು ಆಸಿಡ್ ಬೇಡ. ತಾದೆಲಾಕ್ತ್‌ಗೆ ಅದೇ ಕಪ್ಪು ಸಾಬೂನು ಸಾಕು. ಪ್ರತಿವರ್ಷ ಮಳೆ ಶುರುವಾಗುವ ಮುಂಚೆ ತಾರಸಿ ಹತ್ತಿ, ನೀರು ಹೋಗುವ ಕಿಂಡಿಯಲ್ಲಿ ಕಸ ಕಟ್ಟಿದೆಯೇ ನೋಡಿ, ಒಂದು ಬಿಂದಿಗೆ ನೀರು ಸುರಿದು ಪರೀಕ್ಷೆ ಮಾಡಿ.